‘ಹ್ಯೂಮರ್ ರಿಸ್ಕ್’ (1921) ಸಿಕ್ಕಿದೆ ಅಂತ ಫಾರ್ವರ್ಡ್ ಬಂದಿದೆ. ನಂಬಬಹುದಾ?

ಮೊದಲಸಾಲು:
ಎಲ್ರಿಗೂ ನಮಸ್ಕಾರ. ನಮ್ಮ ಸಿನಿಮಾ ಗ್ರೂಪಲ್ಲಿ ಬೆಳಿಗ್ಗೆಯಿಂದ ಒಂದು ವಿಡಿಯೊ ಸುತ್ತುತ್ತಾ ಇದೆ. ಒಂದೂಕಾಲು ನಿಮಿಷದ್ದು. ಕಪ್ಪು-ಬಿಳುಪು, ಮೈತುಂಬಾ ಗೀರು. ಉದ್ದ ಟೋಪಿ ಹಾಕ್ಕೊಂಡಿರೋ ಗುಂಗುರು ಕೂದಲಿನವನೊಬ್ಬ ಕಲ್ಲಿದ್ದಲು ಇಳಿಸೋ ಜಾರುಹಲಗೆಯಲ್ಲಿ ಸರ್ರಂತ ಜಾರಿ ನೆಲಮಾಳಿಗೆಗೆ ಬಂದು ಬೀಳ್ತಾನೆ. ಕೆಳಗೆ “ನೂರು ವರ್ಷದಿಂದ ಕಳೆದುಹೋಗಿದ್ದ ಮಾರ್ಕ್ಸ್ ಸಹೋದರರ ಮೊದಲ ಚಿತ್ರ ಸಿಕ್ಕಿತು, ಹತ್ತು ಜನಕ್ಕೆ ಕಳಿಸಿ” ಅಂತ ಬರೆದಿದ್ದಾರೆ. ಹತ್ತು ಜನಕ್ಕೆ ಕಳಿಸೋಕೆ ಇದೇನು ದೇವರ ಮಹಿಮೆ ಪತ್ರಾನಾ ಅಂತ ಅಲ್ಲೇ ಅನುಮಾನ ಬಂತು. ತಿಳಿದವರು ಹೇಳಿ.

ಧಾರವಾಡ ಫೇಡೆ:
ಮಾರ್ಕ್ಸ್ ಅಂದ್ರ ಆ ಗಡ್ಡದಾಂವ ಅಲ್ಲೇನ್ರಿ? ಅವಂಗ ಸಿನಿಮಾ ಮಾಡೋ ತಮ್ಮಂದಿರೂ ಇದ್ರೇನು!

ರೀಲ್‌ಪೆಟ್ಟಿಗೆ:
ಗಡ್ಡದವರು ಬೇರೆ, ಇವರು ಬೇರೆ. ಇವರು ಅಮೆರಿಕದ ಹಾಸ್ಯನಟ ಅಣ್ಣತಮ್ಮಂದಿರು. ಇವರಲ್ಲಿ ಒಬ್ಬನಿಗೆ ಬಳಿದುಕೊಂಡ ಮೀಸೆ ಇತ್ತು, ಅಷ್ಟೇ.

ಮೊದಲು ವಿಡಿಯೊ ವಿಷಯ. ಅದು ನಕಲಿ. ನಾನು ನಾಲ್ಕು ಸಲ ನೋಡಿದೆ. ಬಲಗಡೆ ಮೇಲೆ ಕೂದಲೆಳೆಯಂಥ ಒಂದು ಗೀರಿದೆ ನೋಡಿ, ಅದು ಎಂಟು ಸೆಕೆಂಡಿಗೊಮ್ಮೆ ಅದೇ ಜಾಗಕ್ಕೆ, ಅದೇ ಸೊಟ್ಟದಲ್ಲಿ ವಾಪಸ್ ಬರುತ್ತೆ. ನಿಜವಾದ ಫಿಲ್ಮಿನ ಗಾಯ ಹಾಗೆ ಗಡಿಯಾರ ನೋಡಿಕೊಂಡು ಬರಲ್ಲ. ಮೇಲೆ ಹೊದಿಸಿದ ಗೀರು ಅದು. ಇನ್ನೊಂದು, ಆತ ಬಿದ್ದಾಗ ಕಲ್ಲಿದ್ದಲ ಪುಡಿ ಏಳುತ್ತಲ್ಲ, ಟೋಪಿ ಮಾತ್ರ ಪಳಪಳ ಅಂತಾನೇ ಇದೆ. ಎದ್ದು ನಿಂತಾಗ ಎಡಗೈಯಲ್ಲಿ ಎಷ್ಟು ಬೆರಳು ಎಣಿಸಿ.

ಮೊದಲಸಾಲು:
ಆರು! ಅಯ್ಯೋ ಗುರುವೇ. ನಾನು ಆಗಲೇ ಮೂರು ಜನಕ್ಕೆ ಕಳಿಸಿಬಿಟ್ಟೆ.

ರೀಲ್‌ಪೆಟ್ಟಿಗೆ:
ವಿಡಿಯೊ ಸುಳ್ಳು, ಆದ್ರೆ ಅದರೊಳಗಿನ ದೃಶ್ಯ ಯಾರೋ ತಿಳಿದವನೇ ಮಾಡಿದ್ದು. ಯಾಕಂದ್ರೆ ‘ಹ್ಯೂಮರ್ ರಿಸ್ಕ್’ ಅನ್ನೋ ಆ ಮೂಕಿ ಚಿತ್ರದ ಬಗ್ಗೆ ನಮಗೆ ಉಳಿದಿರೋ ನಾಲ್ಕೈದು ವಿವರಗಳಲ್ಲಿ ಇದೂ ಒಂದು. ಹಾರ್ಪೊ ಮಾರ್ಕ್ಸ್ ಅದರಲ್ಲಿ ವಾಟ್ಸನ್ ಅನ್ನೋ ಪತ್ತೇದಾರ. ಉದ್ದ ಟೋಪಿ ಹಾಕ್ಕೊಂಡು ಕಲ್ಲಿದ್ದಲ ಜಾರುಹಲಗೆಯಲ್ಲಿ ಜಾರಿ ನೆಲಮಾಳಿಗೆಗೆ ಬರೋದು ಅವನ ಎಂಟ್ರಿ. ಗ್ರೌಚೊ ಖಳ, ಕಪ್ಪು ಬಟ್ಟೆ, ಉದ್ದ ಮೀಸೆ. ಚಿಕೊ ಬಹುಶಃ ಆ ಖಳನ ಬಲಗೈ ಬಂಟ. ಕಿರಿಯ ತಮ್ಮ ಜೆಪ್ಪೊ ಕುಣಿತ-ಕುಡಿತದ ಕ್ಲಬ್ಬೊಂದರ ಮಾಲೀಕ, ಶೋಕಿಲಾಲ. ಕಥೆಯ ಬಹುಭಾಗ ಆ ಕ್ಲಬ್ಬಲ್ಲೇ, ಅದರ ನೆಪದಲ್ಲಿ ಒಂದು ಡಾನ್ಸು. ಕೊನೆಗೆ ಹುಡುಗಿ ಹಾರ್ಪೊಗೆ ಸಿಗ್ತಾಳೆ. ಕೊನೇ ಶಾಟಿನಲ್ಲಿ ಗ್ರೌಚೊ ಕಾಲಿಗೆ ಕಬ್ಬಿಣದ ಗುಂಡು, ಸರಪಳಿ ಕಟ್ಟಿಸ್ಕೊಂಡು ಮುಸ್ಸಂಜೆಯಲ್ಲಿ ನಿಧಾನಕ್ಕೆ ಕಾಲೆಳೀತಾ ದೂರ ಹೋಗ್ತಾನೆ. ಇಷ್ಟೇ. ಒಂದು ರೀಲೋ ಎರಡು ರೀಲೋ ಅನ್ನೋದರಲ್ಲೇ ಒಮ್ಮತ ಇಲ್ಲ.

ಹೆಸರು ಒಂದು ಪನ್. ಹಿಂದಿನ ವರ್ಷ, 1920ರಲ್ಲಿ, ‘ಹ್ಯೂಮರೆಸ್ಕ್’ ಅಂತ ಕಣ್ಣೀರಿನ ಚಿತ್ರವೊಂದು ಅಮೆರಿಕದಲ್ಲಿ ಭರ್ಜರಿ ಓಡಿತ್ತು. ಅದನ್ನೇ ತಿರುಚಿ ‘ಹ್ಯೂಮರ್ ರಿಸ್ಕ್’.

ಕುಡ್ಲದ ಬೊಂಡ:
ಕನ್ನಡಕ್ಕೆ ಮಾಡಿದ್ರೆ ‘ನಗೆಗಂಡಾಂತರ’ ಅಂತ ಇಡಬಹುದು ಮಾರಾಯ್ರೆ.

ಧಾರವಾಡ ಫೇಡೆ:
‘ಹಾಸ್ಯಾಪಾಯ’. ಸಂಧಿ ಸೈತ ಮಾಡೇನಿ, ಮೇಷ್ಟ್ರು ಮಾರ್ಕ್ಸ್ ಕೊಡ್ಬೇಕು.

ನಿವೃತ್ತ ಮೇಷ್ಟ್ರು:
ಸವರ್ಣದೀರ್ಘ ಸಂಧಿ. ಹತ್ತಕ್ಕೆ ಎಂಟು. ಎರಡು ಅಂಕ ಆ ಶ್ಲೇಷೆಗೆ ಕಳೆದಿದ್ದೇನೆ.

ಮೊದಲಸಾಲು:
ಇದು ಹೇಗೆ ಕಳೆದುಹೋಯ್ತು? ಸುಟ್ಟುಹೋಯ್ತಾ?

ರೀಲ್‌ಪೆಟ್ಟಿಗೆ:
ಬಾಯಿಗೊಂದು ಕಥೆ. ಸುಟ್ಟುಹೋಗಿದ್ದರೆ ಒಂದು ತಾರೀಖಾದರೂ ಇರ್ತಿತ್ತು.

1921ರಲ್ಲಿ ಅಣ್ಣತಮ್ಮಂದಿರು ಇನ್ನೂ ಸಿನಿಮಾದವರಲ್ಲ, ವಾಡೆವಿಲ್‌ನವರು. ಊರಿಂದೂರಿಗೆ ರೈಲಲ್ಲಿ ಹೋಗಿ, ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಕಸರತ್ತು, ಪ್ರಹಸನ ಎಲ್ಲ ತೋರಿಸೋ ರಂಗಮಂದಿರಗಳಲ್ಲಿ ತಮ್ಮ ಸರದಿ ಬಂದಾಗ ಆಡೋದು. ಆ ವರ್ಷ ಅವರ ಪ್ರಹಸನಕ್ಕೆ ದುಡ್ಡು ಹಾಕಿದ್ದವನು ಬೆನ್ನಿ ಲೆನರ್ಡ್, ಬಾಕ್ಸಿಂಗ್‌ನ ಲೈಟ್‌ವೇಟ್ ಚಾಂಪಿಯನ್. ಹಗಲು ಬಿಡುವಿದ್ದಾಗ ಅಣ್ಣತಮ್ಮಂದಿರೂ ಸ್ನೇಹಿತರೂ ಕಾಸು ಕೂಡಿಸಿ ಈ ಚಿತ್ರ ಮಾಡಿದ್ರು. ಕಥೆ ಜೋ ಸ್ವೆರ್ಲಿಂಗ್ ಎಂಬ ಯುವಕನದು. ಈ ಸ್ವೆರ್ಲಿಂಗ್ ಮುಂದೆ ದೊಡ್ಡವನಾದ. ಹಿಚ್‌ಕಾಕ್‌ನ ‘ಲೈಫ್‌ಬೋಟ್’ಗೆ ಚಿತ್ರಕಥೆ ಅವನದೇ. ಜೂಜುಕೋರರ ಸಂಗೀತ ನಾಟಕ ‘ಗೈಸ್ ಅಂಡ್ ಡಾಲ್ಸ್’ನಲ್ಲೂ ಅವನ ಹೆಸರಿದೆ. ಕಳ್ಳರನ್ನ ಇಟ್ಕೊಂಡು ನಗಿಸೋದು ಅವನು ಇಲ್ಲೇ ಕಲಿತನೋ ಏನೋ.

ಚಿತ್ರ ಮುಗೀತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಪ್ರದರ್ಶನ ಆಯ್ತಂತೆ, ಮಕ್ಕಳೇ ತುಂಬಿದ್ದ ಮಧ್ಯಾಹ್ನದ ಆಟ. ಯಾರೂ ನಗಲಿಲ್ಲವಂತೆ. ಅಲ್ಲಿಂದ ಮುಂದೆ ಕವಲು. ಗ್ರೌಚೊನೇ ನೆಗೆಟಿವ್ ಹಾಳುಮಾಡಿದ ಅಂತ ಒಂದು. ಪ್ರೊಜೆಕ್ಷನ್ ರೂಮಿನಲ್ಲಿ ರೀಲು ಬಿಟ್ಟು ಬಂದ್ರು, ಬೆಳಿಗ್ಗೆ ಕಸದವನು ಎತ್ತಿಕೊಂಡು ಹೋದ ಅಂತ ಇನ್ನೊಂದು. ನನಗೆ ಎರಡನೇದು ಇಷ್ಟ. ಇಷ್ಟ ಅಂದ ಮಾತ್ರಕ್ಕೆ ನಿಜ ಅಂತಲ್ಲ.

ಕುಡ್ಲದ ಬೊಂಡ:
ಒಂದು ಮಾತು ಕೇಳ್ತೇನೆ, ಸಿಟ್ಟಾಗ್ಬೇಡಿ. ಮಾಡಿದವರೇ ಕೆಟ್ಟದಾಗಿತ್ತು ಅಂತ ಹೇಳಿದ್ದಾರೆ. ಮಕ್ಕಳೂ ನಗಲಿಲ್ಲ. ಮತ್ತೆ ಅದು ಹೋದದ್ದಕ್ಕೆ ನಮಗೆ ಎಂತ ನಷ್ಟ? ಒಳ್ಳೆ ಸಿನಿಮಾ ಎಷ್ಟೋ ಹೋಗಿದೆ, ಅದಕ್ಕೆ ಅಳುವ. ಇದಕ್ಕೆ ಯಾಕೆ?

ರೀಲ್‌ಪೆಟ್ಟಿಗೆ:
ಸಿಟ್ಟೇನೂ ಇಲ್ಲ, ನ್ಯಾಯವಾದ ಪ್ರಶ್ನೆ. ಆದರೆ ಸಾಕ್ಷಿ ಯಾರು ನೋಡಿ. ಒಂದು ನಗು ಬರುತ್ತೆ ಅಂದ್ರೆ ತಾಯಾಣೆಗೂ ಸುಳ್ಳು ಹೇಳೋ ಜನ! ನಾಲ್ಕು ದಶಕ ಬಿಟ್ಟು ನೆನಪಿನಿಂದ ಹೇಳಿದ್ದು ಬೇರೆ. “ನಮ್ಮ ಮೊದಲ ಚಿತ್ರ ಸಾಧಾರಣವಾಗಿತ್ತು” ಅಂದ್ರೆ ಯಾರೂ ನಗಲ್ಲ. “ಎಷ್ಟು ದರಿದ್ರ ಅಂದ್ರೆ ಕಸದವನು ಎತ್ಕೊಂಡು ಹೋದ” ಅಂದ್ರೆ ನಗು. ಅವರು ಯಾವುದನ್ನ ಹೇಳ್ತಾರೆ?

ಇನ್ನೂ ಗಟ್ಟಿ ಕಾರಣ ಇದೆ. 1929ರಲ್ಲಿ ಅವರ ಮೊದಲ ಟಾಕಿ, ಅಂದ್ರೆ ಮಾತಿರೋ ಚಿತ್ರ, ‘ದಿ ಕೋಕೊನಟ್ಸ್’ ಬಂತು. ಹಗಲು ನ್ಯೂಯಾರ್ಕಿನ ಕ್ವೀನ್ಸ್‌ನ ಅಸ್ಟೋರಿಯಾ ಸ್ಟುಡಿಯೋದಲ್ಲಿ ಶೂಟಿಂಗ್, ರಾತ್ರಿ ಬ್ರಾಡ್‌ವೇ ರಂಗಮಂದಿರದಲ್ಲಿ ಬೇರೆ ನಾಟಕ, ಹಾಗೆ ಮಾಡಿದ್ದು. ಸಿದ್ಧವಾದ ಚಿತ್ರ ನೋಡಿ ಅಣ್ಣತಮ್ಮಂದಿರಿಗೆ ಎಷ್ಟು ನಾಚಿಕೆ ಆಯ್ತಂದ್ರೆ, ನೆಗೆಟಿವ್ ನಾವೇ ಕೊಂಡುಕೊಳ್ತೀವಿ, ಬಿಡುಗಡೆ ಮಾಡಬೇಡಿ ಅಂದ್ರಂತೆ. ಚಿತ್ರದ ಕಂಪನಿ ಪ್ಯಾರಮೌಂಟ್‌ನವರು ಒಪ್ಪಲಿಲ್ಲ. ಆ ಚಿತ್ರ ಧಾರಾಳ ಓಡಿತು, ಅವರನ್ನ ಸಿನಿಮಾದಲ್ಲಿ ಊರಿಸಿದ್ದೇ ಅದು. ಈಗ ಹೇಳಿ ಬೊಂಡ ಅವರೇ, ಪ್ಯಾರಮೌಂಟ್ ಮಾರಿಬಿಟ್ಟಿದ್ದರೆ ಇವತ್ತು ಇದೇ ಚರ್ಚೆ ‘ಕೋಕೊನಟ್ಸ್’ ಮೇಲೆ ನಡೀತಿತ್ತು. ನೀವು ಇದೇ ಪ್ರಶ್ನೆ ಕೇಳ್ತಿದ್ರಿ.

ಕುಡ್ಲದ ಬೊಂಡ:
ಹ್ಞಾ, ಅದು ಸರಿ. ತೆಂಗಿನಕಾಯಿ ಚಿತ್ರಕ್ಕೆ ಬೊಂಡ ಎದುರು ಮಾತಾಡಿ ಆಗುದಿಲ್ಲ.

ನಿವೃತ್ತ ಮೇಷ್ಟ್ರು:
ನನಗೊಂದು ಸಂದೇಹ. ಗ್ರೌಚೊ ಎಂದರೆ ಮಾತು. ಬಾಣದಂತೆ ಒಂದರ ಹಿಂದೊಂದು. ಚಿಕೊ ಎಂದರೆ ಇಟಾಲಿಯನ್ನರ ಇಂಗ್ಲಿಷನ್ನು ಅಣಕಿಸುವ ಉಚ್ಚಾರಣೆ, ಅದೂ ಮಾತೇ. ಮೂಕಿ ಚಿತ್ರದಲ್ಲಿ ಇವರಿಬ್ಬರೂ ಮಾಡುವುದೇನು?

ರೀಲ್‌ಪೆಟ್ಟಿಗೆ:
ಸರ್, ಇದನ್ನ ಯಾರಾದರೂ ಕೇಳಲಿ ಅಂತ ಕಾಯ್ತಾ ಇದ್ದೆ.

ಮೂಕಿ ಚಿತ್ರದಲ್ಲಿ ಮಾತು ಬೇಕಂದ್ರೆ ಕಾರ್ಡು ಹಾಕಬೇಕು. ಕಪ್ಪು ಹಲಗೆ ಮೇಲೆ ಬಿಳೀ ಅಕ್ಷರ. ನಿಧಾನಕ್ಕೆ ಓದೋನಿಗೂ ಮುಗಿಯೋ ತನಕ ಅದು ಪರದೆ ಮೇಲೆ ಕೂತಿರಬೇಕು. ಬೇಗ ಓದಿದವನು ನಕ್ಕು ಮುಗಿಸಿ ಕಡಲೆಕಾಯಿ ಸುಲೀತಿರ್ತಾನೆ, ಪಕ್ಕದವನು ಇನ್ನೂ ಅಕ್ಷರ ಕೂಡಿಸ್ತಿರ್ತಾನೆ. ಗ್ರೌಚೊನ ಜೋಕಿಗೆ ಬೇಕಾಗಿರೋದು ವೇಗ. ಹಿರಣ್ಣಯ್ಯನವರ ನಾಟಕದ ವಿಡಿಯೊ ಹಾಕಿ ಮ್ಯೂಟ್ ಒತ್ತಿ ನೋಡಿ, ಕೋಟು ಹಾಕಿದ ಒಬ್ಬರು ಕೈ ಬೀಸ್ತಾ ನಿಂತಿರೋದು ಮಾತ್ರ ಕಾಣುತ್ತೆ. ನರಸಿಂಹರಾಜು ಅವರ ದೃಶ್ಯ ಮ್ಯೂಟ್ ಮಾಡಿ, ಆ ಮುಖ ಒಂದೇ ಸಾಕು, ನಗು ಬಂದೇ ಬರುತ್ತೆ.

ನಾಲ್ವರಲ್ಲಿ ಹಾಗೆ ಮ್ಯೂಟಲ್ಲಿ ಬದುಕೋನು ಹಾರ್ಪೊ ಒಬ್ಬನೇ. ವೇದಿಕೆ ಮೇಲೆ ಅವನು ಮಾತು ಬಿಟ್ಟು ಆಗಲೇ ಕೆಲವು ವರ್ಷ ಆಗಿತ್ತು. ಸೋದರಮಾವ ಆಲ್ ಶೀನ್ ಬರೆದುಕೊಟ್ಟ ಪ್ರಹಸನದಲ್ಲಿ ಇವನಿಗೆ ಮೂರ್ನಾಲ್ಕೇ ಸಾಲಿತ್ತು. ನೋಡಿದ ವಿಮರ್ಶಕನೊಬ್ಬ, ಈತನ ಮೂಕಾಭಿನಯ ಸೊಗಸು, ಬಾಯಿ ತೆರೆದಾಗ ಕೆಡ್ತಾನೆ ಅನ್ನೋ ಅರ್ಥದಲ್ಲಿ ಬರೆದ. ಆ ಮೂರ್ನಾಲ್ಕು ಸಾಲೂ ಹೋಯ್ತು. ಹಾಗಾಗಿ ‘ಹ್ಯೂಮರ್ ರಿಸ್ಕ್’ನಲ್ಲಿ ನಾಯಕ ಹಾರ್ಪೊ, ಪತ್ತೇದಾರ ಹಾರ್ಪೊ, ಹುಡುಗಿ ಸಿಗೋದೂ ಹಾರ್ಪೊಗೆ. ಆಮೇಲೆ ಬಂದ ಟಾಕಿಗಳಲ್ಲಿ ಅವನು ಹುಡುಗೀರ ಹಿಂದೆ ಹಾರ್ನ್ ಒತ್ತಿಕೊಂಡು ಓಡೋ ಹುಚ್ಚ, ಪ್ರೇಮಕಥೆ ಜೆಪ್ಪೊನಂಥವರ ಪಾಲು. ಮಾತಿನ ಮಲ್ಲ ಗ್ರೌಚೊ ಈ ಒಂದು ಚಿತ್ರದಲ್ಲಿ ಬಾಯಿ ಕಟ್ಟಿಸಿಕೊಂಡು ಮೀಸೆ ತಿರುವೋ ಖಳ. ತಮಗೇ ಹೊಂದದ ಬಟ್ಟೆ ಹಾಕಿ ನಿಂತಿದ್ದವರನ್ನ ನೋಡೋ ಆಸೆ ನನಗೆ. ಚಿತ್ರ ಚೆನ್ನಾಗಿರಬೇಕು ಅಂತೇನಿಲ್ಲ.

ನಿವೃತ್ತ ಮೇಷ್ಟ್ರು:
ಹಾಗಾದರೆ ನಮ್ಮ ಮನೆಯ ಉದಾಹರಣೆ ಕೇಳಿ. 1931ರಲ್ಲಿ ಮೋಹನ್ ಭವನಾನಿಯವರು ಶೂದ್ರಕನ ಸಂಸ್ಕೃತ ನಾಟಕ ಮೃಚ್ಛಕಟಿಕವನ್ನು ‘ವಸಂತಸೇನಾ’ ಎಂದು ಮೂಕಿ ಚಿತ್ರ ಮಾಡಿದರು. ಏಣಾಕ್ಷಿ ರಾಮರಾವ್ ಇದ್ದರು, ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು, ನಮ್ಮ ಟಿ.ಪಿ. ಕೈಲಾಸಂ ಇದ್ದರು. ಕೈಲಾಸಂ! ‘ಟೊಳ್ಳು ಗಟ್ಟಿ’ಯಿಂದ ಹಿಡಿದು ಆ ಮನುಷ್ಯನ ಸಮಸ್ತ ಆಸ್ತಿಯೇ ಆಡುಮಾತು. ಅರ್ಧ ಇಂಗ್ಲಿಷು ಅರ್ಧ ಕನ್ನಡ ಬೆರೆಸಿ ಮನೆಯ ಹಜಾರದ ಗದ್ದಲವನ್ನೇ ರಂಗಕ್ಕೆ ತಂದವರು. ಅವರನ್ನು ಕರೆದು ಮಾತಿಲ್ಲದ ಚಿತ್ರದಲ್ಲಿ ನಿಲ್ಲಿಸಿದರು. ಅದರ ಪ್ರತಿಯೂ ಉಳಿದಿಲ್ಲ.

ಇನ್ನೂ ಒಂದು ತಮಾಷೆ. ಆ ನಾಟಕದ ಖಳ ಶಕಾರ. ಹೆಸರು ಬಂದದ್ದೇ ಉಚ್ಚಾರಣೆಯಿಂದ, ‘ಸ’ ಎನ್ನಬೇಕಾದಲ್ಲೆಲ್ಲ ‘ಶ’ ಎನ್ನುತ್ತಾನೆ. ರಾಜನ ಭಾವಮೈದುನ ಎಂಬ ಮದ, ತಲೆಯಲ್ಲಿ ಪುರಾಣವೆಲ್ಲ ಕಲಸುಮೇಲೋಗರ. ನಾಯಕಿ ವಸಂತಸೇನೆಯನ್ನು ಅಟ್ಟಿಸಿಕೊಂಡು ಬರುವಾಗ “ರಾವಣನ ಕೈಗೆ ಕುಂತಿ ಸಿಕ್ಕಂತೆ ಸಿಕ್ಕಿದೆ” ಎನ್ನುತ್ತಾನೆ. ಮೂಕಿ ಚಿತ್ರದಲ್ಲಿ ‘ಸ’ ‘ಶ’ ವ್ಯತ್ಯಾಸ ತೋರಿಸುವ ಬಗೆ ಹೇಗೆ? ಅದೇ ಕಥೆಯ 1941ರ ಕನ್ನಡ ಟಾಕಿಯಲ್ಲಿ ಆರ್. ನಾಗೇಂದ್ರರಾಯರ ಶಕಾರನಿಗೆ ಆ ತೊಂದರೆ ಇರಲಿಲ್ಲ.

ಧಾರವಾಡ ಫೇಡೆ:
ಮೇಷ್ಟ್ರೇ ವಿಷಯ ಎಲ್ಲಿಂದ ಎಲ್ಲಿಗೋ ಹೋತು. ಇದು ಕಳ್ಳ-ಪೊಲೀಸ್ ಕಾಮಿಡಿ ಚರ್ಚಾ ಅಲ್ಲೇನ್ರಿ? ಮೃಚ್ಛಕಟಿಕ ಪ್ರೇಮದ ನಾಟಕ.

ನಿವೃತ್ತ ಮೇಷ್ಟ್ರು:
ಮೂರನೆಯ ಅಂಕ ಓದಿದ್ದೀರಾ? ಶರ್ವಿಲಕ ಎಂಬ ಬ್ರಾಹ್ಮಣ ನಡುರಾತ್ರಿ ನಾಯಕ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಸುಮ್ಮನೆ ಅಲ್ಲ, ಶಾಸ್ತ್ರೋಕ್ತವಾಗಿ. ಮೊದಲು ಕಾರ್ತಿಕೇಯನಿಗೆ, ಚೌರ್ಯದ ಆಚಾರ್ಯರಿಗೆ ನಮಸ್ಕಾರ. ಆಮೇಲೆ ಗೋಡೆಯಲ್ಲಿ ಯಾವ ಆಕಾರದ ಕನ್ನ ಒಪ್ಪುತ್ತದೆ ಎಂದು ಯೋಚನೆ. ಅರಳಿದ ಕಮಲವೋ, ಸೂರ್ಯನೋ, ಎಳೆಚಂದ್ರನೋ, ಬಾವಿಯೋ, ಸ್ವಸ್ತಿಕವೋ? ಈ ಸುಟ್ಟ ಇಟ್ಟಿಗೆಗೆ ಪೂರ್ಣಕುಂಭವೇ ಚೆಂದ, ಬೆಳಿಗ್ಗೆ ನೆರೆಯವರು ನೋಡಿ ಮೆಚ್ಚಬೇಕು ಎಂದು ತೀರ್ಮಾನ. ಅಳತೆಯ ದಾರ ಮರೆತು ಬಂದಿದ್ದಾನೆ. ಜನಿವಾರ ತೆಗೆದು ಅದರಲ್ಲೇ ಅಳೆಯುತ್ತಾನೆ! ಒಳಗೆ ಚಾರುದತ್ತನ ಗೆಳೆಯ ಮೈತ್ರೇಯ ನಿದ್ದೆಗಣ್ಣಲ್ಲಿ, ಸ್ನೇಹಿತನೇ ಬಂದನೆಂದು ತಿಳಿದು, ಗೋವಿನಾಣೆ ಹಾಕಿ ಒಡವೆಯ ಗಂಟನ್ನು ಕಳ್ಳನ ಕೈಗೇ ಕೊಡುತ್ತಾನೆ. ಹಾರ್ಪೊ ಜಾರಿ ಬಿದ್ದದ್ದಕ್ಕಿಂತ ಇದು ಯಾವುದರಲ್ಲಿ ಕಡಿಮೆ? ಈ ಅಂಕವಂತೂ ಒಂದು ಮಾತಿಲ್ಲದೆಯೂ ನಡೆಯುತ್ತದೆ.

ಧಾರವಾಡ ಫೇಡೆ:
ಜನಿವಾರದ್ದು ಭಾಳ ಛಲೋ ಅದ. ಹಿಂದಿನ ಮಾತು ವಾಪಸ್ ತೊಗೊಂಡೆ.

ಮೊದಲಸಾಲು:
ಮಾತಿಲ್ಲದ ಕ್ರೈಮ್ ಕಾಮಿಡಿ ಅಂದ್ರೆ ನಮ್ಮ ‘ಪುಷ್ಪಕ ವಿಮಾನ’ ಇದೆಯಲ್ಲ? ಸಿಂಗೀತಂ ಅವರದ್ದು, 1987. ಶ್ರೀಮಂತ ಕುಡುಕನನ್ನ ರೂಮಲ್ಲಿ ಕಟ್ಟಿಹಾಕಿ ಅವನ ಹೋಟೆಲ್ ಕೋಣೆಯಲ್ಲಿ ಕಮಲ್ ಮಜಾ ಮಾಡೋದು, ಮಂಜುಗಡ್ಡೆ ಚಾಕು ಹಿಡ್ಕೊಂಡು ಬರೋ ಕೊಲೆಗಾರ. ಅದೂ ಬೆಂಗಳೂರಲ್ಲೇ.

ರೀಲ್‌ಪೆಟ್ಟಿಗೆ:
ಅದು ಮಾತಿಲ್ಲದ ಚಿತ್ರ, ಮೂಕಿ ಚಿತ್ರ ಅಲ್ಲ. ಅದರಲ್ಲಿ ಸದ್ದು ತುಂಬಾ ಕೆಲಸ ಮಾಡುತ್ತೆ. ಹೊಸ ಕೋಣೆಯ ಮೌನದಲ್ಲಿ ನಿದ್ದೆ ಬರದೆ ಹಳೇ ವಠಾರದ ಗದ್ದಲ ಟೇಪ್ ಮಾಡ್ಕೊಂಡು ಬಂದು ಹಾಕ್ಕೊಂಡು ಮಲಗ್ತಾನಲ್ಲ, 1921ರಲ್ಲಿ ಆ ಜೋಕು ಮಾಡೋಕೇ ಆಗಲ್ಲ. ಮಾತು ಬೇಡ ಅಂತ ಬಿಟ್ಟಿದ್ದು ಅದು. ಮೂಕಿಯವರಿಗೆ ಬಿಡೋಕೆ ಇದ್ದರೆ ತಾನೇ?

ಹಡ್ಸನ್ ದಡ:
ತಡವಾಗಿ ಬಂದೆ, ಇಲ್ಲಿ ಈಗ ಬೆಳಗು. ನ್ಯೂಜೆರ್ಸಿಯಲ್ಲಿದೀನಿ. ಫೋರ್ಟ್ ಲೀ ನನ್ನ ಆಫೀಸಿನ ದಾರಿ, ‘ಹ್ಯೂಮರ್ ರಿಸ್ಕ್’ನ ಒಂದಷ್ಟು ಭಾಗ ತೆಗೆದದ್ದು ಅಲ್ಲೇ. ಈಗ ಹೋದರೆ ಸೇತುವೆ, ಅಪಾರ್ಟ್‌ಮೆಂಟು, ಟ್ರಾಫಿಕ್. ಹಾಲಿವುಡ್ ಬೆಳೆಯೋಕೆ ಮುಂಚೆ ಅಮೆರಿಕದ ಚಿತ್ರನಗರಿ ಇದೇ ಆಗಿತ್ತು ಅಂದ್ರೆ ಯಾರೂ ನಂಬಲ್ಲ. ನದಿ ಪಕ್ಕ ಪ್ಯಾಲಿಸೇಡ್ಸ್ ಅಂತ ಕಡಿದಾದ ಬಂಡೆಗಳಿವೆ. ನಾಯಕಿಯನ್ನ ಬಂಡೆ ತುದೀಲಿ ನೇತುಹಾಕಿ ‘ಮುಂದಿನ ವಾರ’ ಅನ್ನೋ ಧಾರಾವಾಹಿಗಳನ್ನ ಇಲ್ಲೇ ತೆಗೀತಿದ್ರು. ಮೊದಲ ಮಹಾಯುದ್ಧದ ಕೊನೇ ಚಳಿಗಾಲದಲ್ಲಿ ಕಲ್ಲಿದ್ದಲು ಸಿಗದೆ ಸ್ಟುಡಿಯೋಗಳು ಬಾಗಿಲು ಹಾಕಿದ್ವು, ಕಂಪನಿಗಳು ಕ್ಯಾಲಿಫೋರ್ನಿಯಾದ ಬಿಸಿಲಿಗೆ ಹೋದ್ವು. ಹಾರ್ಪೊ ಕಲ್ಲಿದ್ದಲ ಹಲಗೆ ಮೇಲೆ ಜಾರೋ ಹೊತ್ತಿಗೆ ಊರು ಅರ್ಧ ಖಾಲಿ.

ಬೆಂಕಿ ವಿಷಯ ಯಾರೋ ಕೇಳಿದ್ರಿ. ಇಲ್ಲಿಂದ ಕೆಲವೇ ಮೈಲಿ ದೂರ ಲಿಟ್ಲ್ ಫೆರಿ ಅಂತ ಊರು. 1937ರ ಜುಲೈ 9, ಸುಡುಬೇಸಿಗೆ. ಫಾಕ್ಸ್ ಕಂಪನಿಯ ಫಿಲ್ಮ್ ಗೋದಾಮು ತಾನಾಗೇ ಹೊತ್ತಿಕೊಳ್ತು. ನಲವತ್ತು ಸಾವಿರಕ್ಕೂ ಹೆಚ್ಚು ರೀಲು ಒಂದೇ ರಾತ್ರಿಗೆ ಹೋಯ್ತು. ಫಾಕ್ಸ್‌ನ ಮೂಕಿ ಚಿತ್ರಗಳು ಇವತ್ತು ಇಷ್ಟು ಅಪರೂಪ ಆಗಿರೋದು ಅದಕ್ಕೇ.

ಮೊದಲಸಾಲು:
ತಾನಾಗೇ ಹೊತ್ತಿಕೊಳ್ಳುತ್ತಾ?

ರೀಲ್‌ಪೆಟ್ಟಿಗೆ:
ಆಗಿನ ಫಿಲ್ಮ್ ನೈಟ್ರೇಟ್. ಸಿಡಿಮದ್ದಿನ ಸೋದರಸಂಬಂಧಿ ಅಂತಿಟ್ಕೊಳ್ಳಿ. ಉರಿಯೋವಾಗ ತನಗೆ ಬೇಕಾದ ಆಮ್ಲಜನಕ ತಾನೇ ಹುಟ್ಟಿಸಿಕೊಳ್ಳುತ್ತೆ, ನೀರಲ್ಲಿ ಮುಳುಗಿಸಿದ್ರೂ ಉರೀತಾನೇ ಇರುತ್ತೆ. ಆದರೆ ಎಲ್ಲವನ್ನೂ ಬೆಂಕಿ ತಿಂದಿಲ್ಲ. ಕಪ್ಪು-ಬಿಳುಪು ಫಿಲ್ಮಲ್ಲಿ ಬೆಳ್ಳಿ ಇರುತ್ತೆ, ಅದಕ್ಕೋಸ್ಕರ ಕಂಪನಿಗಳೇ ಕರಗಿಸಿ ಮಾರಿವೆ. ಟಾಕಿ ಬಂದಮೇಲೆ ಮೂಕಿ ಚಿತ್ರ ಅಂದ್ರೆ ಜಾಗ ತಿನ್ನೋ ಹಳೇ ಪಾತ್ರೆ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಕೊಟ್ಟಿತು. 1912ರಿಂದ 1929ರವರೆಗೆ ಅಲ್ಲಿ ಬಂದ ಪೂರ್ಣಾವಧಿ ಮೂಕಿ ಚಿತ್ರ 10,919. ಬಿಡುಗಡೆಯಾದ ರೂಪದಲ್ಲೇ ಉಳಿದಿರೋದು ಶೇ. 14. ನಮ್ಮ ದೇಶದ್ದು ಇನ್ನೂ ಕಷ್ಟ. ಸಾವಿರದ ಮುನ್ನೂರಕ್ಕೂ ಮಿಕ್ಕಿ ಮೂಕಿ ಚಿತ್ರ ಮಾಡಿದ್ವಿ, ತುಂಡುಗಳನ್ನೂ ಸೇರಿಸಿ ಉಳಿದಿರೋದು ಮೂವತ್ತರ ಆಸುಪಾಸು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದೇ 1964ಕ್ಕೆ. ಅಲ್ಲಿ ಪಿ.ಕೆ. ನಾಯರ್ ಅವರು ಊರೂರು ಅಲೆದು ಹೆಕ್ಕದೇ ಇದ್ದಿದ್ರೆ ಅದೂ ಇರ್ತಿರಲಿಲ್ಲ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’ನೇ ಇಲ್ಲ, ಇನ್ನು ಮೂಕಿ ಕೇಳ್ತೀರಾ.

ಕುಡ್ಲದ ಬೊಂಡ:
ಆದ್ರೆ ಆಗಾಗ ಎಲ್ಲೆಲ್ಲೋ ಸಿಗ್ತದಲ್ಲ? ಲಾರೆಲ್-ಹಾರ್ಡಿ ಅವರದ್ದು, ಆ ಕಡುಬು ಎರಚಾಟದ ರೀಲು ಸಿಕ್ಕಿದ್ದು ಪೇಪರಲ್ಲಿ ಓದಿದ ನೆನಪುಂಟು.

ರೀಲ್‌ಪೆಟ್ಟಿಗೆ:
ಹೌದು, ‘ಬ್ಯಾಟಲ್ ಆಫ್ ದಿ ಸೆಂಚುರಿ’ಯ ಎರಡನೇ ರೀಲು, 2015ರಲ್ಲಿ ಸಿಕ್ಕಿತು. (ಕಡುಬಲ್ಲ, ಪೈ. ಕಡುಬು ಎರಚಿದ್ರೆ ಆಸ್ಪತ್ರೆ ಸೀನ್ ಬೇಕಾಗುತ್ತೆ.)

ಆದರೆ ಸಿಗೋದಕ್ಕೊಂದು ದಾರಿ ಇರುತ್ತೆ. ಆ ಕಾಲದಲ್ಲಿ ಪ್ರತಿಗಳು ಊರಿಂದೂರಿಗೆ ಹೋಗ್ತಾ ಹೋಗ್ತಾ ಕಟ್ಟಕಡೆಯ ಊರು ತಲುಪ್ತಿದ್ವು. ಅಲ್ಲಿಂದ ವಾಪಸ್ ಕಳಿಸೋ ಸಾಗಣೆ ಖರ್ಚಿಗಿಂತ ಫಿಲ್ಮಿನ ಬೆಲೆ ಕಡಿಮೆ, ಹಾಗಾಗಿ ಅಲ್ಲೇ ಬಿಡೋರು. ಕೆನಡಾದ ತುತ್ತತುದಿ ಡಾಸನ್ ಸಿಟಿ, ಚಿನ್ನ ಅಗೆಯೋರ ಊರು. ಅಲ್ಲಿ ಹಳೇ ಈಜುಕೊಳ ಮುಚ್ಚೋಕೆ ರೀಲುಗಳನ್ನ ತುಂಬಿದ್ರು. 1978ರಲ್ಲಿ ಜೆಸಿಬಿ ಥರದ ಯಂತ್ರ ಅಗೀತಾ ಅಗೀತಾ 533 ರೀಲು ಎದ್ದು ಬಂದ್ವು, ಮಂಜು ಹೆಪ್ಪುಗಟ್ಟಿದ ನೆಲ ಅವನ್ನ ಕಾಪಾಡಿತ್ತು. ನ್ಯೂಜಿಲೆಂಡಿನಲ್ಲೂ ಹಾಗೇ ಹಡಗಿನ ಕೊನೇ ನಿಲ್ದಾಣದಲ್ಲಿ ಉಳಿದವು ಸಿಕ್ಕಿವೆ. ಹಾರ್ಪೊ ಸಣ್ಣ ಪಾತ್ರ ಮಾಡಿದ 1925ರ ಮೂಕಿ ಚಿತ್ರ ‘ಟೂ ಮೆನಿ ಕಿಸಸ್’ ಕೂಡ ಕಳೆದೇ ಹೋಯ್ತು ಅಂದ್ಕೊಂಡಿದ್ದು, ಆಮೇಲೆ ಸಿಕ್ಕಿತು. ಅದರಲ್ಲಿ ಅವನು ಒಂದು ಮಾತಾಡ್ತಾನೆ ಗೊತ್ತಾ! ಕಾರ್ಡಿನಲ್ಲಿ. ಜೀವಮಾನದ ಸಿನಿಮಾಗಳಲ್ಲಿ ಹಾರ್ಪೊ ಆಡಿದ ಮಾತು ಕೇಳಿಸದೇ ಇರೋ ಚಿತ್ರದಲ್ಲಿದೆ.

‘ಹ್ಯೂಮರ್ ರಿಸ್ಕ್’ ಆ ದಾರಿಗೇ ಇಳೀಲಿಲ್ಲ. ಬಿಡುಗಡೆ ಇಲ್ಲ, ವಿತರಕ ಇಲ್ಲ, ಎರಡನೇ ಊರಿಲ್ಲ. ನಾಲ್ಕು ಊರು ಸುತ್ತಿದ್ದು ಯಾವುದೋ ಅಟ್ಟದಲ್ಲಿ ಸಿಗುತ್ತೆ. ಮನೆ ಬಿಟ್ಟು ಹೊರಡದೇ ಇದ್ದಿದ್ದು ಎಲ್ಲಿ ಅಂತ ಹುಡುಕ್ತೀರಿ? ಹಾಗಾಗಿ ‘ಸಿಕ್ಕಿದೆ’ ಅಂತ ಯಾರೇ ಕಳಿಸಲಿ, ನಾನು ಮೊದಲು ಬೆರಳು ಎಣಿಸ್ತೀನಿ.

ಟೆಂಟ್ ಮೊಮ್ಮಗಳು:
ಅಟ್ಟ ಅಂದ್ರಿ, ಅದಕ್ಕೆ ಕೇಳ್ತಿದೀನಿ. ನಮ್ಮ ತಾತ ಅರಸೀಕೆರೆ-ಕಡೂರು ಕಡೆ ಟೂರಿಂಗ್ ಟೆಂಟಲ್ಲಿ ಆಪರೇಟರ್ ಆಗಿದ್ರು. ಅವರು ಹೋಗಿ ಇಪ್ಪತ್ತು ವರ್ಷ. ಹೋದ ತಿಂಗಳು ಊರ ಮನೆ ಹಂಚು ಇಳಿಸಿದಾಗ ಅಟ್ಟದ ಮೇಲೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ತಾತನ ಅಕ್ಷರದಲ್ಲಿ ‘ಕಾಮಿಕ್ – 2’ ಅಂತ ಚೀಟಿ. ತೆಗೆದ್ರೆ ಹುಳಿ ವಾಸನೆ, ಕೆಟ್ಟ ಉಪ್ಪಿನಕಾಯಿ ಜಾಡಿ ತೆಗೆದ ಹಾಗೆ ಕಣ್ಣಿಗೆ ಹೊಡೀತು. ಸುರುಳಿಯ ಅಂಚೆಲ್ಲ ಹಪ್ಪಳದ ಥರ ಅಲೆ ಅಲೆ. ನಮ್ಮತ್ತೆ ಒಲೆಗೆ ಹಾಕು ಅಂತಿದಾರೆ. ಏನ್ಮಾಡ್ಲಿ?

ರೀಲ್‌ಪೆಟ್ಟಿಗೆ:
ಒಲೆಗೆ ಬೇಡ!! ನಿಮ್ಮತ್ತೆಗೆ ನಾನು ಕೈಮುಗೀತೀನಿ ಅಂತ ಹೇಳಿ.

ಹುಳಿ ವಾಸನೆ ಅಂದ್ರೆ ಬಹುಪಾಲು ನೈಟ್ರೇಟ್ ಅಲ್ಲ, ಆಮೇಲೆ ಬಂದ ಅಸಿಟೇಟ್ ಫಿಲ್ಮ್. ಅದು ಕೊಳೆಯೋವಾಗ ವಿನೆಗರ್ ವಾಸನೆ ಬರುತ್ತೆ. ಆದ್ರೂ ಬೆಂಕಿಯಿಂದ ದೂರ ಇಡಿ. ಬಲವಂತವಾಗಿ ಬಿಚ್ಚಬೇಡಿ, ಅಂಟಿಕೊಂಡಿದ್ರೆ ಚಿತ್ರದ ಪದರ ಕಿತ್ತು ಬರುತ್ತೆ. ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಬೇಡಿ, ಆ ಹುಳಿ ಗಾಳಿ ಒಳಗೇ ಕೂತ್ರೆ ಇನ್ನೂ ಬೇಗ ಕೊಳೆಯುತ್ತೆ. ತಂಪಾದ ಒಣ ಜಾಗ. ಆಮೇಲೆ ಪುಣೆಯ ಸಂಗ್ರಹಾಲಯಕ್ಕೆ ಒಂದು ಪತ್ರ.

ಹೊರಗಿನ ಒಂದೆರಡು ಸುತ್ತು ತಾನಾಗಿ ಬಿಟ್ಟುಕೊಂಡಿದ್ರೆ, ಅಂಚು ಹಿಡಿದು ಕಿಟಕಿ ಬೆಳಕಿಗೆ ತೋರಿಸಿ ಏನಿದೆ ಹೇಳಿ.

ಧಾರವಾಡ ಫೇಡೆ:
ನಾವು ಸಣ್ಣವರಿದ್ದಾಗ ಟೆಂಟಿನ ಹಿಂದ ಬಿದ್ದ ಫಿಲ್ಮ್ ತುಂಡು ಆರಿಸ್ತಿದ್ವಿ. ಸುಟ್ಟ ಬಲ್ಬಿನ ತುದಿ ಒಡದು ನೀರು ತುಂಬಿ, ಕನ್ನಡೀಲೆ ಬಿಸಿಲು ಬಿಟ್ಟು, ಗ್ವಾಡಿ ಮ್ಯಾಲ ರಾಜಕುಮಾರ್ ಬರ್ತಿದ್ರು. ತಲಿಕೆಳಗ. ಒಂದು ತುಂಡಿಗೆ ಎರಡು ಗೋಲಿ ರೇಟು. ಫೈಟಿಂಗ್ ಇದ್ರ ನಾಕು.

ಹಡ್ಸನ್ ದಡ:
ಕಾಮಿಡಿಗೆ ಎಷ್ಟು?

ಧಾರವಾಡ ಫೇಡೆ:
ಕಾಮಿಡಿ ಯಾರೂ ತೊಗೋತಿದ್ದಿಲ್ರಿ. ನಿಂತ ಚಿತ್ರದಾಗ ನಗು ಎಲ್ಲಿಂದ ಬರಬೇಕು?

ಟೆಂಟ್ ಮೊಮ್ಮಗಳು:
ನೋಡಿದೆ. ಒಂದು ಮೊಳದಷ್ಟು ಬಿಡಿಸಿಕೊಳ್ತು, ಅದರಾಚೆ ಗಟ್ಟಿ ಬೆಲ್ಲದಚ್ಚು. ಮೊದಲು ಬರೀ ಕಪ್ಪು. ಆಮೇಲೆ ಒಂದು ಕಾಂಪೌಂಡ್ ಗೋಡೆ, ಅದರ ಮೇಲೆ ಒಂದು ಕಾಲು. ಹದಿನಾಲ್ಕು ಚೌಕ ಎಣಿಸಿದೆ, ಎಲ್ಲದರಲ್ಲೂ ಅದೇ ಕಾಲು, ಒಂಚೂರು ಒಂಚೂರು ಈಚೆ ಬರ್ತಾ ಇದೆ. ಮುಖ ಇನ್ನೂ ಬಂದಿಲ್ಲ.

ನಿವೃತ್ತ ಮೇಷ್ಟ್ರು:
ಶರ್ವಿಲಕ!

ಕುಡ್ಲದ ಬೊಂಡ:
ಕಳ್ಳನ ಕಾಲಾ, ಅಟ್ಟಿಸಿಕೊಂಡು ಬಂದ ಪೊಲೀಸಿನವನದ್ದಾ?

ಟೆಂಟ್ ಮೊಮ್ಮಗಳು:
ಬೂಟಿಲ್ಲ. ಬೆರಳು ಐದೇ ಇವೆ, ಎಣಿಸಿದೀನಿ.